ಮಾತಿಲ್ಲದ ಕೂಸಿನ ನೋವು: ಒಬ್ಬ ಶುಶ್ರೂಷಕಿಯ ಕಾಯಕದಿಂದ ನಾವು ಕಲಿಯಬೇಕಾದ ಪಾಠ



ಕಳೆದ ಅಮಾವಾಸ್ಯೆಯಂದು ಶ್ರೀಮಠದ ಉಚಿತ ಆರೋಗ್ಯ ತಪಾಸಣೆಯಲ್ಲಿ ನಾವು ಕುಳಿತಿದ್ದಾಗ ವಯಸ್ಸಾದ ತಾಯಿಯೊಬ್ಬರು ಸರದಿಯ ಕೊನೆಯಲ್ಲಿ ಬಂದು ನಿಂತರು. ತಮ್ಮ ಕಾಯಿಲೆ ಹೇಳಿಕೊಳ್ಳಲು ಅವರು ಬಂದವರಲ್ಲ. ಅವರ ಮೊಮ್ಮಗಳು ಮೂವತ್ತೆರಡನೆಯ ವಾರಕ್ಕೇ ಹುಟ್ಟಿ, ಆಸ್ಪತ್ರೆಯ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ ಗಾಜಿನ ಪೆಟ್ಟಿಗೆಯೊಳಗಿದ್ದಳು. ದಿನಕ್ಕೆ ಎರಡು ಮೂರು ಬಾರಿ ಹಿಮ್ಮಡಿ ಚುಚ್ಚಿ ರಕ್ತ ತೆಗೆಯುತ್ತಾರೆ; ಸೊಸೆ ಬಾಗಿಲ ಹೊರಗೆ ನಿಂತು ಕಣ್ಣೀರು ಹಾಕುತ್ತಾಳೆ. ಆ ತಾಯಿ ಕೇಳಿದ್ದು ಇಷ್ಟೇ: “ಡಾಕ್ಟರ್ ಸಾಹೇಬ್ರ, ಅಷ್ಟು ಸಣ್ಣ ಕೂಸಿಗೆ ನೋವು ತಿಳೀತದೇನ್ರಿ? ತಿಳಿಯೂದಿಲ್ಲಂತ ಎಲ್ಲಾರೂ ಹೇಳ್ತಾರ. ತಿಳಿಯೂದಿಲ್ಲಂದ್ರ ಅದು ಯಾಕ ಹಂಗ ಮಾರಿ ಕಿವಿಚ್ತದರಿ?”

ಈ ಪ್ರಶ್ನೆಗೆ ಅಂದು ನಾವು ಸಂಕ್ಷಿಪ್ತವಾಗಿ ಉತ್ತರಿಸಿದೆವು. ಆದರೆ ಇದು ಒಬ್ಬ ಅಜ್ಜಿಯ ಪ್ರಶ್ನೆ ಮಾತ್ರವಲ್ಲ. ಲಸಿಕೆಗೆ ಕೂಸನ್ನು ಎತ್ತಿಕೊಂಡು ಹೋಗುವ ಪ್ರತಿಯೊಬ್ಬ ತಾಯಿಯ ಮನಸ್ಸಿನಲ್ಲಿಯೂ ಇರುವ ಪ್ರಶ್ನೆ. ಆದುದರಿಂದ ಈ ತಿಂಗಳ ಲೇಖನವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ನಮ್ಮದೊಂದು ತಪ್ಪೊಪ್ಪಿಗೆ

ಅನ್ಯರಿಗೆ ಪಾಠ ಹೇಳುವ ಮೊದಲು ನಮ್ಮ ತಪ್ಪನ್ನು ಹೇಳಿಕೊಳ್ಳುವುದು ಧರ್ಮ. ಎಂಬತ್ತರ ದಶಕದ ನಡುವೆ ನಾವು ಬಿ.ಎ.ಎಂ.ಎಸ್. ಮುಗಿಸಿ ವೃತ್ತಿಗೆ ಇಳಿದ ಹೊಸತು. ಮೂರು ತಿಂಗಳ ಗಂಡು ಕೂಸೊಂದನ್ನು ತೊಡೆಯ ಮೇಲೆ ದೊಡ್ಡ ಕುರುವೆಂದು ಕರೆತಂದರು. ಕೀವು ತುಂಬಿತ್ತು, ಒಡೆಯಲೇಬೇಕಿತ್ತು. ತಾಯಿ ನೋಡಲಾರಳೆಂದು ಅವಳನ್ನು ಹೊರಗೆ ಕಳುಹಿಸಿ, ಇಬ್ಬರಿಂದ ಕಾಲು ಹಿಡಿಸಿ, ಯಾವ ಅರಿವಳಿಕೆಯೂ ಇಲ್ಲದೆ ಶಸ್ತ್ರ ಹಾಕಿದೆವು. ಕೂಸು ಮೊದಲು ಚೀರಿತು; ಸ್ವಲ್ಪ ಹೊತ್ತಿಗೆ ಇದ್ದಕ್ಕಿದ್ದಂತೆ ಮೌನವಾಗಿ, ಕೈಕಾಲು ಸಡಿಲಬಿಟ್ಟು, ಮಾಳಿಗೆಯನ್ನು ನೋಡುತ್ತ ಮಲಗಿತು. ನಾವು ಹೊರಗೆ ಬಂದು, “ನೋಡವ್ವ, ಆಗಲೇ ಮರೆತು ಸುಮ್ಮನಾತು” ಎಂದು ತಾಯಿಗೆ ಸಮಾಧಾನ ಹೇಳಿದೆವು.

ಆ ಮೌನ ಸಮಾಧಾನದ ಮೌನವಾಗಿರಲಿಲ್ಲ ಎಂಬುದನ್ನು ತಿಳಿಯಲು ನಮಗೆ ಹಲವು ವರ್ಷಗಳೇ ಬೇಕಾದವು. ತಿಳಿಸಿಕೊಟ್ಟವರಲ್ಲಿ ಮುಖ್ಯರು ಸಾವಿರಾರು ಮೈಲಿ ದೂರದ ಕೆನಡಾ ದೇಶದ ಒಬ್ಬ ಶುಶ್ರೂಷಕಿ.

ನಮ್ಮ ಆಚಾರ್ಯರ ಕಣ್ಣು

ಶಿಶುವಿಗೆ ವೇದನೆಯಿದೆಯೆಂಬ ವಿಷಯದಲ್ಲಿ ಆಯುರ್ವೇದದ ಆಚಾರ್ಯರಿಗೆ ಸಂದೇಹವಿರಲಿಲ್ಲ. ನೇಪಾಳದಲ್ಲಿ ದೊರೆತ ಹಸ್ತಪ್ರತಿಯ ಆಧಾರದಿಂದ 1938ರಲ್ಲಿ ಮುದ್ರಣಗೊಂಡ ಕಾಶ್ಯಪ ಸಂಹಿತೆಯಲ್ಲಿ ‘ವೇದನಾಧ್ಯಾಯ’ವೆಂಬ ಪ್ರತ್ಯೇಕ ಅಧ್ಯಾಯವೇ ಇದೆ. ಮಾತು ಬಾರದ ಬಾಲಕರ ವೇದನೆಯನ್ನು ತಿಳಿಯುವ ಬಗೆ ಹೇಗೆಂಬುದು ಅಲ್ಲಿಯ ವಿಷಯ. ತಲೆನೋವಿರುವ ಕೂಸು ತಲೆಯನ್ನು ಅತ್ತಿತ್ತ ಹೊರಳಿಸುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ. ಕಿವಿನೋವಿರುವುದು ಕೈಯಿಂದ ಕಿವಿಯನ್ನು ಮುಟ್ಟಿಕೊಳ್ಳುತ್ತದೆ. ಹೊಟ್ಟೆಶೂಲೆಯಿರುವುದು ಮೊಲೆಯನ್ನು ಬಿಟ್ಟು ಅಳುತ್ತದೆ, ಹೊಟ್ಟೆ ಬಿಗಿಯುತ್ತದೆ, ಮುಖ ಬೆವರುತ್ತದೆ. ಕೂಸು ಯಾವ ಭಾಗವನ್ನು ಮತ್ತೆ ಮತ್ತೆ ಮುಟ್ಟಿಕೊಳ್ಳುವುದೋ, ಯಾವ ಭಾಗವನ್ನು ಇತರರು ಮುಟ್ಟಿದರೆ ಅಳುವುದೋ ಅಲ್ಲಿ ನೋವಿದೆಯೆಂದು ತಿಳಿಯಬೇಕೆಂಬುದು ಸುಶ್ರುತರ ಅಭಿಪ್ರಾಯ. ಕಿವಿ ಚುಚ್ಚುವ ವಿಧಿಯನ್ನು ಹೇಳುವಾಗಲೂ ಅವರು ಶಿಶುವನ್ನು ದಾದಿಯ ತೊಡೆಯ ಮೇಲೆ ಕೂರಿಸಿ, ಆಟಿಕೆಗಳಿಂದ ರಮಿಸಬೇಕೆಂದು ಸೂಚಿಸುತ್ತಾರೆ.

ಇಷ್ಟು ಹೇಳಿ, “ಎಲ್ಲವೂ ನಮ್ಮಲ್ಲೇ ಇತ್ತು” ಎಂದು ಕೈಕಟ್ಟಿ ಕುಳಿತರೆ ಅದು ಆತ್ಮವಂಚನೆಯಾದೀತು. ಈ ಅಧ್ಯಾಯಗಳನ್ನು ಪರೀಕ್ಷೆಗೆಂದು ಕಂಠಪಾಠ ಮಾಡಿದ ನಾವೇ ಆ ಕೂಸಿನ ಕಾಲು ಹಿಡಿಸಿ ಕುರು ಒಡೆದವರು. ಗ್ರಂಥ ಕಪಾಟಿನಲ್ಲಿತ್ತು, ಕಣ್ಣು ಮಾತ್ರ ಮುಚ್ಚಿತ್ತು.

ಆಧುನಿಕ ವೈದ್ಯವೂ ಎಡವಿದ ಕಾಲ

ನಾವು ತಪ್ಪು ಮಾಡಿದ ಅದೇ ವರ್ಷಗಳಲ್ಲಿ ಪಾಶ್ಚಾತ್ಯ ದೇಶಗಳ ದೊಡ್ಡ ಆಸ್ಪತ್ರೆಗಳೂ ಇದಕ್ಕಿಂತ ಘೋರವಾದ ತಪ್ಪನ್ನು ಮಾಡುತ್ತಿದ್ದವು. ನವಜಾತ ಶಿಶುವಿನ ನರತಂತುಗಳಿಗೆ ಮಯಲಿನ್ ಎಂಬ ಹೊದಿಕೆ ಪೂರ್ಣವಾಗಿ ಬೆಳೆದಿರುವುದಿಲ್ಲ, ಆದುದರಿಂದ ನೋವು ಮೆದುಳನ್ನು ಮುಟ್ಟದು ಎಂಬುದು ಒಂದು ವಾದ. ಮುಟ್ಟಿದರೂ ನೆನಪು ಉಳಿಯದು ಎಂಬುದು ಇನ್ನೊಂದು. ಅರಿವಳಿಕೆ ಕೊಟ್ಟರೆ ಪುಟ್ಟ ದೇಹ ತಾಳದೆಂಬುದು ಮೂರನೆಯ ಭಯ. ಇವುಗಳ ಫಲವಾಗಿ ಅನೇಕ ಶಿಶುಗಳಿಗೆ ಸ್ನಾಯುಗಳನ್ನು ಸ್ತಬ್ಧಗೊಳಿಸುವ ಔಷಧಿಯನ್ನಷ್ಟೇ ಕೊಟ್ಟು ಶಸ್ತ್ರಚಿಕಿತ್ಸೆ ನಡೆಸಲಾಗುತ್ತಿತ್ತು. ಕೂಸು ಅಲುಗಾಡದು, ಅಳದು. ಆದರೆ ಎಲ್ಲವನ್ನೂ ಅನುಭವಿಸುತ್ತಿತ್ತು.

1985ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಜೆಫ್ರಿ ಲಾಸನ್ ಎಂಬ ಅವಧಿಪೂರ್ವ ಶಿಶುವಿಗೆ ಹೃದಯದ ಬಳಿಯ ರಕ್ತನಾಳದ ಶಸ್ತ್ರಚಿಕಿತ್ಸೆ ನಡೆದದ್ದು ಹೀಗೆಯೇ. ಕೆಲವು ವಾರಗಳಲ್ಲಿ ಶಿಶು ತೀರಿಕೊಂಡಿತು. ನೋವು ನಿವಾರಕ ಕೊಟ್ಟಿರಲಿಲ್ಲವೆಂದು ನಂತರ ತಿಳಿದ ತಾಯಿ ಜಿಲ್ ಲಾಸನ್ ಸುಮ್ಮನೆ ಕೂರಲಿಲ್ಲ. ವೈದ್ಯರಿಗೆ ಬರೆದರು, ಪತ್ರಿಕೆಗಳಿಗೆ ಹೇಳಿದರು. 1986ರಲ್ಲಿ ಅದು ಸಾರ್ವಜನಿಕ ಚರ್ಚೆಯಾಯಿತು.

ಅದೇ ಹೊತ್ತಿಗೆ, ಇಂದೋರಿನಲ್ಲಿ ವೈದ್ಯಶಿಕ್ಷಣ ಪಡೆದು ಆಕ್ಸ್‌ಫರ್ಡಿಗೆ ಹೋಗಿದ್ದ ನಮ್ಮ ದೇಶದವರೇ ಆದ ಡಾ. ಕನ್ವಲ್‌ಜೀತ್ ಸಿಂಗ್ ಆನಂದ್ ಅವರು ಇದೇ ವಿಷಯವನ್ನು ವೈಜ್ಞಾನಿಕವಾಗಿ ಪರೀಕ್ಷಿಸುತ್ತಿದ್ದರು. ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಫೆಂಟನಿಲ್ ಎಂಬ ಪ್ರಬಲ ನೋವು ನಿವಾರಕ ಪಡೆದ ಅವಧಿಪೂರ್ವ ಶಿಶುಗಳಿಗಿಂತ ಅದನ್ನು ಪಡೆಯದ ಶಿಶುಗಳ ರಕ್ತದಲ್ಲಿ ಒತ್ತಡದ ರಾಸಾಯನಿಕಗಳು ಬಹಳವಾಗಿ ಏರಿದವು, ಶಸ್ತ್ರಚಿಕಿತ್ಸೆಯ ಬಳಿಕದ ತೊಡಕುಗಳೂ ಹೆಚ್ಚಾದವು ಎಂದು ಅವರೂ ಅವರ ಸಂಗಡಿಗರೂ 1987ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತೋರಿಸಿದರು. ಮಯಲಿನ್ ವಾದವೂ ನಿಲ್ಲಲಿಲ್ಲ. ಏಕೆಂದರೆ ಬೆಳೆದವರಲ್ಲಿಯೂ ನೋವನ್ನು ಒಯ್ಯುವ ಬಹುಪಾಲು ತಂತುಗಳಿಗೆ ಆ ಹೊದಿಕೆ ಇರುವುದೇ ಇಲ್ಲ ಅಥವಾ ತೀರ ತೆಳುವಾಗಿರುತ್ತದೆ.

ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲು ಹೀಗೆ ತೆರೆಯಿತು. ಆದರೆ ದಿನನಿತ್ಯದ ಚುಚ್ಚುವಿಕೆ? ಅದನ್ನು ಪ್ರಶ್ನಿಸಿದವರು ದಿನವಿಡೀ ಕೂಸಿನ ಪಕ್ಕದಲ್ಲಿಯೇ ನಿಲ್ಲುವ ಶುಶ್ರೂಷಕಿಯರು.

ಸೆಲೆಸ್ಟ್ ಜಾನ್‌ಸ್ಟನ್ ಅವರ ಕಾಯಕ

ಕೆನಡಾ ದೇಶದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯವು ನೋವಿನ ಅಧ್ಯಯನಕ್ಕೆ ಹೆಸರಾದದ್ದು. ಅಲ್ಲಿಯ ರೊನಾಲ್ಡ್ ಮೆಲ್ಜಾಕ್ ಎಂಬ ವಿದ್ವಾಂಸರು 1975ರಲ್ಲಿ ನೋವನ್ನು ಅಳೆಯಲು ಒಂದು ಪ್ರಶ್ನಾವಳಿಯನ್ನು ರಚಿಸಿದರು. ಚುಚ್ಚುವ ನೋವು, ಉರಿಯುವ ನೋವು, ಮಿಡಿಯುವ ನೋವು ಎಂದು ಒಟ್ಟು 78 ಶಬ್ದಗಳು ಅದರಲ್ಲಿವೆ. ರೋಗಿ ತನ್ನ ನೋವಿಗೆ ಹೊಂದುವ ಶಬ್ದವನ್ನು ಆರಿಸಬೇಕು. ಶಬ್ದಗಳೇ ಇಲ್ಲದ ರೋಗಿಯ ಗತಿಯೇನು? ಅದೇ ವಿಶ್ವವಿದ್ಯಾಲಯದ ಶುಶ್ರೂಷಾ ಶಾಲೆಯಲ್ಲಿ ಪ್ರಾಧ್ಯಾಪಕಿಯಾಗಿದ್ದ ಸೆಲೆಸ್ಟ್ ಜಾನ್‌ಸ್ಟನ್ ಅವರು ತಮ್ಮ ಸಂಶೋಧನೆಯ ಜೀವನವನ್ನು ಈ ಪ್ರಶ್ನೆಗೆ ಸಲ್ಲಿಸಿದರು.

ಅವರ ಆರಂಭ ಬಹಳ ಸಣ್ಣದು. 1986ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದ್ದದ್ದು ಕೇವಲ 14 ಶಿಶುಗಳು. ಎರಡರಿಂದ ನಾಲ್ಕು ತಿಂಗಳ ವಯಸ್ಸಿನ, ಎಂದಿನಂತೆ ಲಸಿಕೆಗೆ ಬಂದ ಕೂಸುಗಳು. ಸೂಜಿ ತಾಗಿದ ಕ್ಷಣದಿಂದ ಹೃದಯದ ಬಡಿತ, ಅಳುವಿನ ಸ್ವರ, ಮೈಯ ಚಲನೆ, ಮುಖದ ಭಾವ ಇವೆಲ್ಲವನ್ನೂ ದಾಖಲಿಸಿದರು. ಅಳು ಒಂದೊಂದು ಕೂಸಿನಲ್ಲಿ ಒಂದೊಂದು ಬಗೆಯಾಗಿತ್ತು. ಎಲ್ಲಕ್ಕಿಂತ ಸ್ಥಿರವಾಗಿ ಕಂಡದ್ದು ಮುಖ: ಹುಬ್ಬುಗಳ ನಡುವೆ ಉಬ್ಬು, ಬಿಗಿದು ಮುಚ್ಚಿದ ಕಣ್ಣು, ಮೂಗಿನ ಪಕ್ಕದಿಂದ ತುಟಿಯಂಚಿಗೆ ಇಳಿಯುವ ಆಳವಾದ ಗೆರೆ. ನಮ್ಮ ಅಜ್ಜಿ “ಮಾರಿ ಕಿವಿಚ್ತದ” ಎಂದು ಹೇಳಿದ್ದು ಇದನ್ನೇ. ಮೊಮ್ಮಗಳ ಮುಖ ನೋಡಿ ತಿಳಿದುಕೊಂಡ ಸತ್ಯವನ್ನು ವಿಜ್ಞಾನ ಅಳೆದು ತೋರಿಸಿತು.

ಮೌನಕ್ಕೂ ಅಂಕ

ಮುಂದಿನ ಹತ್ತು ವರ್ಷಗಳ ಶ್ರಮದ ಫಲವಾಗಿ 1996ರಲ್ಲಿ ಒಂದು ಮಾಪನ ಹೊರಬಂದಿತು. ಜಾನ್‌ಸ್ಟನ್ ಅವರೊಡನೆ ದುಡಿದು, ಮುಂದೆ ಟೊರಾಂಟೊ ನಗರದಲ್ಲಿ ಶಿಶು ಶುಶ್ರೂಷೆಯ ದೊಡ್ಡ ಸಂಶೋಧಕಿಯಾದ ಬಾನಿ ಸ್ಟೀವನ್ಸ್ ಅವರು ಇದರ ಮೊದಲ ಲೇಖಕಿ. ‘ಪಿಪ್’ ಎಂಬ ಹ್ರಸ್ವನಾಮದಿಂದ ಇದು ಇಂದು ಅನೇಕ ದೇಶಗಳ ಶಿಶು ಘಟಕಗಳಲ್ಲಿ ಬಳಕೆಯಲ್ಲಿದೆ.

ಇದರಲ್ಲಿ ಏಳು ಅಂಶಗಳಿವೆ. ಮುಖದ ಆ ಮೂರು ಗುರುತುಗಳು, ಹೃದಯದ ಬಡಿತ, ರಕ್ತದಲ್ಲಿನ ಆಮ್ಲಜನಕ, ಶಿಶು ಎಚ್ಚರವಾಗಿತ್ತೇ ನಿದ್ದೆಯಲ್ಲಿತ್ತೇ ಎಂಬುದು, ಮತ್ತು ಎಷ್ಟನೆಯ ವಾರಕ್ಕೆ ಹುಟ್ಟಿದ್ದು ಎಂಬುದು. ಒಂದೊಂದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು ಗರಿಷ್ಠ 21. ಆರರೊಳಗಿದ್ದರೆ ನೋವು ಅಲ್ಪ, ಹನ್ನೆರಡನ್ನು ಮೀರಿದರೆ ಹೆಚ್ಚು. ಚುಚ್ಚುವ ಮೊದಲು 15 ಸೆಕೆಂಡು, ಚುಚ್ಚಿದ ಬಳಿಕ 30 ಸೆಕೆಂಡು ಶಿಶುವನ್ನು ಏಕಾಗ್ರವಾಗಿ ನೋಡಬೇಕು.

ಈ ಮಾಪನದ ಮರ್ಮವನ್ನು ಓದುಗರು ಗಮನಿಸಬೇಕು. ಪೂರ್ಣ ತಿಂಗಳು ತುಂಬಿ ಹುಟ್ಟಿದ ಕೂಸಿಗೆ ವಯಸ್ಸಿನ ಲೆಕ್ಕದಲ್ಲಿ ಸೊನ್ನೆ ಅಂಕ. 28 ವಾರಕ್ಕೂ ಮೊದಲೇ ಹುಟ್ಟಿದ ಕೂಸಿಗೆ ಮೂರು ಅಂಕ. ಹೀಗೇಕೆ? ಆ ಪುಟ್ಟ ಜೀವಕ್ಕೆ ಮುಖ ಕಿವಿಚುವ, ಚೀರುವ ಶಕ್ತಿಯೂ ಇಲ್ಲ. ಅದು ತೋರಿಸಲಾರದ ನೋವನ್ನು ನಾವೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ತೋರಿಸಲಾಗದ್ದು ಇಲ್ಲವೆಂದಲ್ಲ.

ಅದೇ 1996ರಲ್ಲಿ ಜಾನ್‌ಸ್ಟನ್ ಮತ್ತು ಸ್ಟೀವನ್ಸ್ ಮತ್ತೊಂದು ಅಧ್ಯಯನವನ್ನು ಪ್ರಕಟಿಸಿದರು. 28 ವಾರಕ್ಕೆ ಹುಟ್ಟಿ ನಾಲ್ಕು ವಾರ ತೀವ್ರ ನಿಗಾ ಘಟಕದಲ್ಲಿದ್ದ ಶಿಶುಗಳನ್ನು, ಆಗತಾನೇ 32 ವಾರಕ್ಕೆ ಹುಟ್ಟಿದ ಶಿಶುಗಳೊಡನೆ ಹೋಲಿಸಿ ನೋಡಿದರು. ಗರ್ಭದಿಂದ ಎಣಿಸಿದರೆ ಎರಡೂ ಗುಂಪಿನ ಬೆಳವಣಿಗೆಯ ವಯಸ್ಸು ಒಂದೇ. ಆದರೆ ಹೆಚ್ಚು ಚುಚ್ಚಿಸಿಕೊಂಡ ಶಿಶುಗಳು ಹಿಮ್ಮಡಿ ಚುಚ್ಚಿದಾಗ ಮುಖದಲ್ಲಿ ಕಡಿಮೆ ಪ್ರತಿಕ್ರಿಯೆ ತೋರಿದವು; ಹೃದಯ ಮಾತ್ರ ವೇಗವಾಗಿಯೇ ಬಡಿಯುತ್ತಿತ್ತು. ಅವು ನೋವಿಗೆ ಒಗ್ಗಿಕೊಂಡಿರಲಿಲ್ಲ. ಹೇಳಿ ಪ್ರಯೋಜನವಿಲ್ಲವೆಂಬಂತೆ ದಣಿದಿದ್ದವು.

ಈ ಅಧ್ಯಯನವನ್ನು ಓದಿದ ದಿನ ನಮಗೆ ಮಾಳಿಗೆ ನೋಡುತ್ತ ಮಲಗಿದ ಆ ಕೂಸು ನೆನಪಾಯಿತು.

ಶೈಶವದ ನೋವು ಎಲ್ಲಿ ಉಳಿಯುತ್ತದೆ?

“ನೆನಪಿರುವುದಿಲ್ಲವಲ್ಲ” ಎನ್ನುವವರಿಗೆ ಉತ್ತರ ಇಲ್ಲಿದೆ. ಬೆಳೆದವರಲ್ಲಿ ಮೆದುಳಿನಿಂದ ಬೆನ್ನುಹುರಿಗೆ ಇಳಿದು ನೋವನ್ನು ತಗ್ಗಿಸುವ ಒಂದು ಸ್ವಾಭಾವಿಕ ವ್ಯವಸ್ಥೆಯಿದೆ. ನವಜಾತ ಶಿಶುವಿನಲ್ಲಿ ಅದು ಇನ್ನೂ ಬಲಿತಿರುವುದಿಲ್ಲ. ಆದ್ದರಿಂದ ಅದರ ನೋವು ನಮ್ಮದಕ್ಕಿಂತ ಕಡಿಮೆಯೆನ್ನಲು ಆಧಾರವಿಲ್ಲ, ಹೆಚ್ಚೆನ್ನಲು ಕಾರಣವಿದೆ. ಕೆನಡಾದ ಔಷಧ ವಿಜ್ಞಾನಿ ಆನಾ ಟ್ಯಾಡಿಯೊ ಅವರು 1997ರಲ್ಲಿ 87 ಗಂಡು ಶಿಶುಗಳ ಅಧ್ಯಯನವನ್ನು ಪ್ರಕಟಿಸಿದರು. ಹುಟ್ಟಿದ ಹೊಸತರಲ್ಲಿ ನೋವು ನಿವಾರಣೆಯಿಲ್ಲದೆ ಸುನ್ನತಿಗೆ ಒಳಗಾಗಿದ್ದ ಶಿಶುಗಳು, ನಾಲ್ಕರಿಂದ ಆರು ತಿಂಗಳಲ್ಲಿ ಲಸಿಕೆ ಪಡೆಯುವಾಗ ಇತರ ಶಿಶುಗಳಿಗಿಂತ ಹೆಚ್ಚು ನೋವನ್ನು ತೋರಿದವು. ಅಂದು ಮರಗಟ್ಟಿಸುವ ಮುಲಾಮು ಹಚ್ಚಿಸಿಕೊಂಡಿದ್ದವುಗಳಲ್ಲಿ ಆ ಪರಿಣಾಮ ತಗ್ಗಿತ್ತು. ಮನಸ್ಸು ಮರೆತರೂ ನರಮಂಡಲ ಮರೆಯಲಿಲ್ಲ.

ಮತ್ತು ಈ ನೋವು ಒಂದೆರಡು ಬಾರಿಯದಲ್ಲ. ಪ್ಯಾರಿಸ್ ಪ್ರದೇಶದ ತೀವ್ರ ನಿಗಾ ಘಟಕಗಳ 430 ಶಿಶುಗಳ ಬಗ್ಗೆ 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೊದಲ ಹದಿನಾಲ್ಕು ದಿನಗಳಲ್ಲಿ ದಿನವೊಂದಕ್ಕೆ ಸುಮಾರು ಹತ್ತು ನೋವಿನ ಕ್ರಿಯೆಗಳು ಒಂದೊಂದು ಶಿಶುವಿನ ಮೇಲೆ ನಡೆದಿದ್ದವು. ಅವುಗಳಲ್ಲಿ ಬಹುಪಾಲು ಯಾವ ನೋವು ನಿವಾರಣೆಯೂ ಇಲ್ಲದೆ ನಡೆದವು. ವೈದ್ಯರು ಜೀವ ಉಳಿಸಲೆಂದೇ ಚುಚ್ಚುತ್ತಾರೆ, ಅದು ಬೇಡವೆನ್ನಲಾಗದು. ಚುಚ್ಚುವಾಗ ಕೂಸು ಎಲ್ಲಿ ಮಲಗಿರಬೇಕು ಎಂಬುದನ್ನಾದರೂ ನಾವು ಕೇಳಬಹುದು.

ತಾಯಿಯ ಎದೆಯೇ ಔಷಧ

ಇದಕ್ಕೆ ಜಾನ್‌ಸ್ಟನ್ ಅವರು ಕೊಟ್ಟ ಉತ್ತರವೇ ಅವರ ಕಾಯಕದ ಶಿಖರ.

1978ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ಡಾ. ಎಡ್ಗರ್ ರೇ ಅವರು, ಶಿಶುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದೆ ಹೋದಾಗ, ತೂಕ ಕಡಿಮೆಯಿರುವ ಶಿಶುಗಳನ್ನು ತಾಯಂದಿರ ಬರಿಯೆದೆಗೆ ಕಟ್ಟಿ ಬೆಚ್ಚಗಿಡುವ ಪದ್ಧತಿಯನ್ನು ಆರಂಭಿಸಿದರು. ಇದೇ ‘ಕಾಂಗರೂ ತಾಯಿ ಆರೈಕೆ’. ಶಾಖಕ್ಕಾಗಿ ಹುಟ್ಟಿದ ಈ ಪದ್ಧತಿ ನೋವನ್ನೂ ತಗ್ಗಿಸಬಹುದೇ ಎಂದು ಜಾನ್‌ಸ್ಟನ್ ಪರೀಕ್ಷಿಸಿದರು. 2003ರ ಅಧ್ಯಯನದಲ್ಲಿ 32 ವಾರ ತುಂಬಿ ಹುಟ್ಟಿದ 74 ಅವಧಿಪೂರ್ವ ಶಿಶುಗಳಿದ್ದವು. ಪ್ರತಿ ಶಿಶುವನ್ನೂ ಒಮ್ಮೆ ತಾಯಿಯ ಎದೆಯ ಮೇಲೆ, ಒಮ್ಮೆ ಪೆಟ್ಟಿಗೆಯಲ್ಲಿ ಇರಿಸಿ ಹಿಮ್ಮಡಿಯ ರಕ್ತ ತೆಗೆದಾಗ ಗಮನಿಸಿದರು. ಎದೆಯ ಮೇಲಿದ್ದಾಗ ನೋವಿನ ಅಂಕ ಕಡಿಮೆಯಿತ್ತು. 2008ರಲ್ಲಿ ಇನ್ನೂ ಎಳೆಯ, 28ರಿಂದ 31 ವಾರಗಳ 61 ಶಿಶುಗಳಲ್ಲಿ ಇದನ್ನೇ ನೋಡಿದರು. ಪೆಟ್ಟಿಗೆಯಲ್ಲಿ ಶಿಶುವಿನ ಹೃದಯದ ಬಡಿತ ಮೊದಲಿನ ಸ್ಥಿತಿಗೆ ಮರಳಲು ಸರಾಸರಿ 193 ಸೆಕೆಂಡು ಹಿಡಿಯಿತು. ತಾಯಿಯ ಎದೆಯ ಮೇಲೆ 123 ಸೆಕೆಂಡು ಸಾಕಾಯಿತು. ಒಂದು ನಿಮಿಷಕ್ಕೂ ಹೆಚ್ಚಿನ ಯಾತನೆ ಇಲ್ಲವಾಯಿತು. ಖರ್ಚು ಒಂದು ಕಾಸೂ ಇಲ್ಲ.

ಮುಂದಿನ ಅಧ್ಯಯನಗಳು ಇನ್ನೂ ಸ್ವಾರಸ್ಯಕರ. ಧ್ವನಿಮುದ್ರಿಸಿದ ತಾಯಿಯ ದನಿಯನ್ನು ಪೆಟ್ಟಿಗೆಯೊಳಗೆ ಕೇಳಿಸಿದರು, ನೋವು ತಗ್ಗಲಿಲ್ಲ. ತಾಯಿಯ ಎದೆಯ ಮೇಲಿರುವಾಗ ತೂಗುವುದು, ಹಾಡುವುದು, ಚೀಪಿಸುವುದು ಇವನ್ನೂ ಸೇರಿಸಿ ನೋಡಿದರು. ಬರಿಯ ಎದೆಯಾಸರೆಯಿಂದ ಸಿಕ್ಕಿದ್ದಕ್ಕಿಂತ ಹೆಚ್ಚೇನೂ ಸಿಗಲಿಲ್ಲ. ಜೋಗುಳ ಬೇಡವೆಂದು ಇದರ ಅರ್ಥವಲ್ಲ. ತಾಯಿ ಹಾಡು ಬಾರದವಳಾಗಿರಲಿ, ಓದು ಬಾರದವಳಾಗಿರಲಿ, ಅವಳ ದೇಹದ ಸಾನ್ನಿಧ್ಯವೇ ಸಾಕೆಂಬುದು ಅರ್ಥ. ತಂದೆಯ ಎದೆಯನ್ನೂ 2011ರಲ್ಲಿ ಪರೀಕ್ಷಿಸಿದರು. ತಾಯಿಗಿಂತ ತುಸು ಕಡಿಮೆ, ಆದರೆ ಅಂತರ ಬಹಳವಲ್ಲ. ಬಾಣಂತಿ ಎದ್ದು ಬರಲಾರದಾಗ ತಂದೆಯಾದವನು ಬಾಗಿಲಲ್ಲಿ ನಿಂತು ಮೊಬೈಲು ನೋಡುತ್ತಿರುವ ಬದಲು ಅಂಗಿಯ ಗುಂಡಿ ಬಿಚ್ಚಿ ಕೂಸನ್ನು ಎದೆಗವಚಿಕೊಳ್ಳಲಿ.

2017ರ ಹೊತ್ತಿಗೆ ಇಂಥ 25 ಅಧ್ಯಯನಗಳನ್ನು, 2001 ಶಿಶುಗಳ ಮಾಹಿತಿಯನ್ನು ಒಟ್ಟುಗೂಡಿಸಿ ಜಾನ್‌ಸ್ಟನ್ ಮತ್ತು ಸಂಗಡಿಗರು ಕಾಕ್ರೇನ್ ವಿಮರ್ಶೆಯನ್ನು ಪ್ರಕಟಿಸಿದರು. ಚರ್ಮಕ್ಕೆ ಚರ್ಮ ತಾಗಿಸುವ ಆರೈಕೆ ಪರಿಣಾಮಕಾರಿ ಹಾಗೂ ಸುರಕ್ಷಿತವೆಂದು ತೋರುತ್ತದೆ ಎಂಬುದು ಅದರ ಸಾರ. ಅವರ ಬಳಿ ಸಂಶೋಧನೆ ಮಾಡಿದ ಮಾರ್ಷಾ ಕ್ಯಾಂಬೆಲ್-ಯೋ ಎಂಬ ಶುಶ್ರೂಷಕಿ ಇಂದು ಅದೇ ದೇಶದ ಹ್ಯಾಲಿಫ್ಯಾಕ್ಸ್ ನಗರದಲ್ಲಿ ಈ ಕೆಲಸವನ್ನು ಮುಂದುವರಿಸುತ್ತಿದ್ದಾರೆ.

ಸಕ್ಕರೆ ನೀರಿನ ವಿಷಯದಲ್ಲಿ ಎಚ್ಚರ

ಚುಚ್ಚುವ ಎರಡು ನಿಮಿಷ ಮೊದಲು ನಾಲಗೆಯ ಮೇಲೆ ಕೆಲವು ಹನಿ ಸಕ್ಕರೆ ದ್ರಾವಣ ಬಿಟ್ಟರೆ ನವಜಾತ ಶಿಶುವಿನ ನೋವಿನ ಲಕ್ಷಣಗಳು ತಗ್ಗುತ್ತವೆ. ಬಾನಿ ಸ್ಟೀವನ್ಸ್ ಅವರ 2016ರ ವಿಮರ್ಶೆಯಲ್ಲಿ 74 ಅಧ್ಯಯನಗಳೂ 7049 ಶಿಶುಗಳೂ ಸೇರಿವೆ. ಆದರೆ ಜಾನ್‌ಸ್ಟನ್ ಅವರೇ 2002ರಲ್ಲಿ ಇನ್ನೊಂದು ಮುಖವನ್ನು ತೋರಿಸಿದರು. ತೀರ ಎಳೆಯ ಶಿಶುಗಳಿಗೆ ಮೊದಲ ವಾರದಲ್ಲಿ ಪದೇ ಪದೇ ಸಕ್ಕರೆ ದ್ರಾವಣ ಕೊಟ್ಟಾಗ, ಹೆಚ್ಚು ಬಾರಿ ಪಡೆದ ಶಿಶುಗಳ ಚಲನೆ ಮತ್ತು ಎಚ್ಚರದ ಅಂಕಗಳು ಕಡಿಮೆ ಬಂದವು. ತಮ್ಮ ಕ್ಷೇತ್ರವೇ ಮೆಚ್ಚಿದ ಉಪಾಯದ ದೋಷವನ್ನು ಮುಚ್ಚಿಡದೆ ಪ್ರಕಟಿಸುವುದು ಸಾಮಾನ್ಯ ಪ್ರಾಮಾಣಿಕತೆಯಲ್ಲ.

ಆದುದರಿಂದ ಸಕ್ಕರೆ ದ್ರಾವಣವು ಆಸ್ಪತ್ರೆಯಲ್ಲಿ ಅಳತೆಯಿಂದ ಕೊಡುವ ವಸ್ತುವೇ ಹೊರತು ಮನೆಯಲ್ಲಿ ಅಳು ನಿಲ್ಲಿಸಲು ಕೊಡುವ ವಸ್ತುವಲ್ಲ. ಸಕ್ಕರೆಯ ಬದಲು ಜೇನು ನೆಕ್ಕಿಸಬಹುದೇ ಎಂದು ಕೆಲವರು ಕೇಳುತ್ತಾರೆ. ಜಾತಕರ್ಮದಲ್ಲಿ ಜೇನು ತುಪ್ಪಗಳ ಉಲ್ಲೇಖ ನಮ್ಮ ಗ್ರಂಥಗಳಲ್ಲಿರುವುದು ನಿಜ. ಆದರೂ ಒಂದು ವರ್ಷ ತುಂಬದ ಕೂಸಿಗೆ ಜೇನು ಕೊಡಬೇಡಿ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಜೀವಾಣುವಿನಿಂದ ಕೂಸಿಗೆ ಸ್ನಾಯುಗಳು ಸೋಲುವ ಪ್ರಾಣಾಂತಿಕ ಕಾಯಿಲೆ ಬರಬಲ್ಲದು. ಇದನ್ನು ಆಯುರ್ವೇದ ವೈದ್ಯರಾಗಿಯೇ ಹೇಳುತ್ತಿದ್ದೇವೆ.

ಮನೆಯವರು ಮಾಡಬೇಕಾದುದು

1. ಲಸಿಕೆಯನ್ನು ಎಂದಿಗೂ ತಪ್ಪಿಸಬೇಡಿ. ನೋವು ತಗ್ಗಿಸುವುದೆಂದರೆ ಸೂಜಿ ತಪ್ಪಿಸುವುದಲ್ಲ. ಸೂಜಿಯ ನೋವು ಕ್ಷಣದ್ದು. ನಾಯಿಕೆಮ್ಮು, ಗಂಟಲಮಾರಿಗಳ ಯಾತನೆ ಹಾಗಲ್ಲ.

2. ಲಸಿಕೆ ಹಾಕುವಾಗ ಕೂಸು ತಾಯಿಯ ತೋಳಿನಲ್ಲಿರಲಿ. ಮೇಜಿನ ಮೇಲೆ ಒತ್ತಿ ಹಿಡಿಯುವುದು ಬೇಡ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಪ್ರಕಟಿಸಿದ ನಿಲುವೂ ಇದೇ.

3. ಲಸಿಕೆಗೆ ಸ್ವಲ್ಪ ಮೊದಲು ಅಥವಾ ಲಸಿಕೆ ಹಾಕುವಾಗಲೇ ಎದೆಹಾಲು ಕುಡಿಸಿ. ಒಂದು ತಿಂಗಳಿಂದ ಒಂದು ವರ್ಷದ 1066 ಶಿಶುಗಳನ್ನೊಳಗೊಂಡ 2016ರ ವಿಮರ್ಶೆಯಲ್ಲಿ ಹಾಲು ಕುಡಿಯುತ್ತಿದ್ದ ಕೂಸುಗಳ ಅಳು ಸರಾಸರಿ 38 ಸೆಕೆಂಡು ಕಡಿಮೆಯಿತ್ತು. ಸೆರಗು ಮರೆ ಮಾಡಿಕೊಳ್ಳಲು ಒಂದು ಮೂಲೆಯನ್ನು ಅಂಗನವಾಡಿಯವರು ಒದಗಿಸಿದರೆ ಸಾಕು.

4. ಒಂದೇ ದಿನ ಎರಡು ಮೂರು ಚುಚ್ಚುಮದ್ದುಗಳಿದ್ದರೆ ಹೆಚ್ಚು ನೋಯುವುದನ್ನು ಕೊನೆಗೆ ಹಾಕುವಂತೆ ನರ್ಸಮ್ಮನವರನ್ನು ಕೇಳಿಕೊಳ್ಳಿ.

5. ಲಸಿಕೆಗೆ ಮೊದಲೇ ಜ್ವರದ ಔಷಧಿ ಕುಡಿಸಬೇಡಿ. ಸೂಜಿಯ ನೋವಿಗೆ ಅದು ಪ್ರಯೋಜನವಿಲ್ಲ. ಅನಂತರ ಜ್ವರ ಬಂದರೆ ವೈದ್ಯರು ಹೇಳಿದ ಅಳತೆಯಲ್ಲಿ ಕೊಡಿ.

6. ಕೂಸು ವಿಶೇಷ ಆರೈಕೆ ಘಟಕದಲ್ಲಿದ್ದರೆ, “ರಕ್ತ ತೆಗೆಯುವಾಗ ನಾನು ಎದೆಗೆ ಹಾಕಿಕೊಳ್ಳಬಹುದೇ?” ಎಂದು ವಿನಯದಿಂದ ಕೇಳಿ. ಕೂಸಿನ ಸ್ಥಿತಿ ಗಂಭೀರವಾಗಿದ್ದರೆ ವೈದ್ಯರ ತೀರ್ಮಾನವೇ ಅಂತಿಮ. ಕಾಂಗರೂ ಆರೈಕೆಗೆ ಕೇಂದ್ರ ಸರಕಾರದ ಮಾರ್ಗಸೂಚಿ 2014ರಿಂದಲೇ ಇದೆ. ನಮ್ಮದೇ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರೂ ಸರಕಾರದ ಆರೋಗ್ಯ ಸಿಬ್ಬಂದಿಯೂ ಸೇರಿ ಇದನ್ನು ಜಿಲ್ಲೆಯುದ್ದಕ್ಕೂ ನಡೆಸಿ ತೋರಿಸಿದ್ದಾರೆ. ಆದುದರಿಂದ ಇದು ನಮ್ಮ ಬಡ ಆಸ್ಪತ್ರೆಗಳಿಗೆ ಆಗದ ಕೆಲಸವಲ್ಲ.

7. ಕಾಮಾಲೆ, ಹೊಟ್ಟೆಯುಬ್ಬರ, ಬಾಲಗ್ರಹ ಎಂದು ಕೂಸಿನ ಹೊಟ್ಟೆಗೆ ಬರೆ ಹಾಕಿಸುವುದನ್ನು ದಯವಿಟ್ಟು ನಿಲ್ಲಿಸಿ. ಬರೆಯಿಂದ ಯಾವ ಕಾಯಿಲೆಯೂ ಹೋಗದು. ಸುಟ್ಟ ಗಾಯ ಕೀವಾಗಿ ಕೂಸುಗಳು ಸಾಯುತ್ತವೆ. ಬರೆ ಹಾಕಿದ ಬಳಿಕ ಕೂಸು ಸುಮ್ಮನಾಯಿತೆಂದು ಹೇಳುವವರಿಗೆ, ಆ ಮೌನದ ಅರ್ಥವನ್ನು ಮೇಲೆ ವಿವರಿಸಿದ್ದೇವೆ.

8. ನಿದ್ದೆ ಬರಲೆಂದು ಅಫೀಮು, ಗಸಗಸೆ ಕಾಡೆಗಳನ್ನು ಕೂಸಿಗೆ ಕುಡಿಸಬೇಡಿ. ಉಸಿರೇ ನಿಂತೀತು.

9. ಕುರು ಒಡೆಯುವುದು, ಹೊಲಿಗೆ ಹಾಕುವುದು ಮುಂತಾದ ಸಂದರ್ಭಗಳಲ್ಲಿ, “ಕೂಸಿಗೆ ಮರಗಟ್ಟಿಸುವ ಔಷಧಿ ಕೊಡುತ್ತೀರಾ?” ಎಂದು ವೈದ್ಯರನ್ನು ಕೇಳಿ. ಕೇಳುವುದು ಅವಿಧೇಯತೆಯಲ್ಲ. ನಮ್ಮನ್ನೂ ಅಂದು ಯಾರಾದರೂ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು!

ಕೊನೆಯ ಮಾತು

ಆ ಅಜ್ಜಿಗೆ ನಾವು ಅಂದು ಹೇಳಿದ್ದು ಇಷ್ಟು: “ತಿಳಿಯುತ್ತದೆ ತಾಯಿ, ನಮಗಿಂತ ಚೆನ್ನಾಗಿಯೇ ತಿಳಿಯುತ್ತದೆ. ಸೊಸೆಯನ್ನು ಬಾಗಿಲ ಹೊರಗೆ ಅಳಲು ಬಿಡಬೇಡಿ. ಒಳಗೆ ಕಳುಹಿಸಿ, ಕೂಸನ್ನು ಎದೆಗೆ ಹಾಕಿಕೊಳ್ಳಲು ಅಪ್ಪಣೆ ಕೇಳಲಿ.” ಹದಿನೈದು ದಿನಗಳ ಬಳಿಕ ಅವರು ಮತ್ತೆ ಬಂದರು. ಮೊದಲ ದಿನ ನರ್ಸು ಒಪ್ಪಲಿಲ್ಲವಂತೆ; ಎರಡನೆಯ ದಿನ ಹಿರಿಯ ನರ್ಸೊಬ್ಬರು ತಾವೇ ಕುರ್ಚಿ ತಂದು ಹಾಕಿ, ಸೊಸೆಯನ್ನು ಕೂರಿಸಿ, ಕೂಸನ್ನು ಎದೆಗೆ ಕಟ್ಟಿ, ಆಮೇಲೆ ಹಿಮ್ಮಡಿಯನ್ನು ಮುಟ್ಟಿದರಂತೆ. “ಅತ್ತಿತ್ರಿ, ಅಳಲಿಲ್ಲಂತ ಸುಳ್ಳು ಹೇಳೂದಿಲ್ಲ. ಆದ್ರ ಲಗೂ ಸುಮ್ಮನಾತು. ಅವ್ವನ ಸೀರಿ ಹಿಡಕೊಂಡು ಮಲಗಿತ್ತು” ಎಂದರು.

ಈ ಮೌನ ಬೇರೆ. ನಲವತ್ತು ವರ್ಷಗಳ ಹಿಂದೆ ನಮ್ಮ ಮೇಜಿನ ಮೇಲೆ ಮಲಗಿದ್ದ ಕೂಸಿಗೆ ಹಿಡಿದುಕೊಳ್ಳಲು ಯಾರ ಸೆರಗೂ ಇರಲಿಲ್ಲ. ಆ ಕೂಸು ಈಗ ಎಲ್ಲಿದ್ದರೂ ನಡುವಯಸ್ಸಿನ ಗೃಹಸ್ಥನಾಗಿರಬೇಕು. ಅವನಿಗೆ ಅದು ನೆನಪಿರಲಾರದು. ನಮಗೆ ನೆನಪಿದೆ. ನಿಮ್ಮ ಮನೆಯ ಕೂಸಿಗೆ ಮುಂದಿನ ಸೂಜಿ ಹಾಕಿಸುವ ದಿನ ಈ ಮಾತುಗಳು ನಿಮಗೂ ನೆನಪಾಗಲಿ. ಅಂದು ತಾಯಿಯನ್ನು ಹೊರಗೆ ಕಳುಹಿಸಬೇಡಿ.